ಬಾಂದುಕಲ್ಲು ಸರಿಸಿದವನ ಪ್ರೇತ: ಡೆನ್ಮಾರ್ಕಿನ ದೆವ್ವದ ಕಥೆಗಳ ಹಿನ್ನೆಲೆ

ಡೆನ್ಮಾರ್ಕಿನ ಹಳ್ಳಿಗಳ ದೆವ್ವದ ಕಥೆಗಳಲ್ಲಿ ಮತ್ತೆ ಮತ್ತೆ ಎದುರಾಗುವವನು ಒಬ್ಬ ರೈತ; ಬದುಕಿದ್ದಾಗ ನೆರೆಯವನ ಹೊಲದ ಬಾಂದುಕಲ್ಲನ್ನು ಕದ್ದು ಸರಿಸಿದ ತಪ್ಪಿಗೆ, ಸತ್ತ ಮೇಲೆ ಅವನು ಸರಿಯಾದ ಗಡಿ ಯಾವುದೆಂದು ಕೂಗುತ್ತಾ ರಾತ್ರಿ ಬದುವಿನ ಮೇಲೆ ಅಲೆಯುತ್ತಾನೆ. ಇಂಥವರಿಗೆ ಡೇನಿಷ್ ಭಾಷೆಯಲ್ಲಿ ‘ಗೆಂಗಾಂಗರ್’, ಅಂದರೆ ಮರಳಿ ನಡೆದು ಬರುವವರು, ಎಂಬ ಹೆಸರಿದೆ.

1536ರಲ್ಲಿ ಆ ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಲೂಥರನ್ ಎಂಬ ಸುಧಾರಿತ ಕ್ರೈಸ್ತ ಪಂಥಕ್ಕೆ ಬದಲಾದಾಗ ಈ ಪ್ರೇತಗಳ ನೆಲೆಯೇ ತಪ್ಪಿತು. ಸತ್ತವರ ಆತ್ಮ ಶುದ್ಧಿಗಾಗಿ ನರಳುತ್ತದೆ, ಬದುಕಿರುವವರ ಪ್ರಾರ್ಥನೆಯಿಂದ ಅದಕ್ಕೆ ಬಿಡುಗಡೆ ಸಿಗುತ್ತದೆ ಎಂಬ ಹಳೆಯ ಬೋಧನೆಯನ್ನು ಹೊಸ ಚರ್ಚು ತಳ್ಳಿಹಾಕಿತು. ಜನರು ಮಾತ್ರ ಪ್ರೇತಗಳನ್ನು ಕಾಣುವುದನ್ನು ಬಿಡಲಿಲ್ಲ. ಅವರು ಹೇಳುತ್ತಾ ಬಂದ ಕಥೆಗಳಲ್ಲಿ ಅದೇ ಚರ್ಚಿನ ಪಾದ್ರಿಯೇ ಮಂತ್ರದ ಪುಸ್ತಕ ಹಿಡಿದು, ಪ್ರೇತವನ್ನು ನೆಲದೊಳಕ್ಕೆ ಇಳಿಸಿ, ಮೇಲೆ ಗೂಟ ಹೊಡೆಯುವ ಬಲಶಾಲಿಯಾದನು.

ಜಮೀನ್ದಾರರ ಕಥೆಗಳು ಇನ್ನೂ ಕಟುವಾದವು. ಉತ್ತರ ಜಟ್‌ಲೆಂಡಿನ ವೋರ್ಗಾರ್ಡ್ ಕೋಟೆಯ ಒಡತಿಯಾಗಿದ್ದು, ಗಂಡ ತೀರಿಕೊಂಡ ಮೇಲೆ ಆಸ್ತಿಯನ್ನು ತಾನೇ ನಡೆಸಿ 1604ರಲ್ಲಿ ತೀರಿಕೊಂಡ ಇಂಗೆಬೋರ್ಗ್ ಸ್ಕೀಲ್, ಅಂಥದೇ ಕಟ್ಟಡ ಬೇರೆಲ್ಲೂ ಏಳಬಾರದೆಂದು ಶಿಲ್ಪಿಯನ್ನು ಕಂದಕಕ್ಕೆ ನೂಕಿಸಿದಳೆಂದು ದಂತಕಥೆ ಹೇಳುತ್ತದೆ. ಅವಳ ಪ್ರೇತವನ್ನು ಪಾದ್ರಿ ದೂರದಲ್ಲಿ ಹೂತಿಟ್ಟರೂ, ಅದು ವರ್ಷಕ್ಕೊಂದು ಕೋಳಿ ಹೆಜ್ಜೆಯಷ್ಟು ಕೋಟೆಯ ಕಡೆಗೆ ಸರಿಯುತ್ತಿದೆಯಂತೆ. ಇದನ್ನು ಚರಿತ್ರೆಯೆಂದು ಓದಬೇಕಿಲ್ಲ. ಆದರೆ ಹಳ್ಳಿಯ ಗಂಡಸರು ಜಮೀನ್ದಾರನ ಎಲ್ಲೆ ಬಿಟ್ಟು ಹೋಗದಂತೆ 1733ರಲ್ಲಿ ಕಟ್ಟಿಹಾಕಿ, 1788ರ ನಂತರವಷ್ಟೇ ಹಂತಹಂತವಾಗಿ ಬಿಟ್ಟ ಕಾನೂನಿನಡಿ ಬಿಟ್ಟಿ ದುಡಿದ ಒಕ್ಕಲಿಗೆ, ಒಡೆಯರನ್ನು ಕಟಕಟೆಗೆ ತರಲು ಇಂಥ ಕಥೆಗಳಿಗಿಂತ ಹತ್ತಿರದ ನ್ಯಾಯಾಲಯ ಇರಲಿಲ್ಲವೆಂದು ನನಗನ್ನಿಸುತ್ತದೆ.

ಇವು ನಮ್ಮ ಕಾಲಕ್ಕೆ ಉಳಿದದ್ದು ಸಂಗ್ರಾಹಕರಿಂದ. ಯುಸ್ಟ್ ಮಥಿಯಾಸ್ ಟೀಲೆ 1818ರಿಂದಲೇ ಐತಿಹ್ಯಗಳನ್ನು ಅಚ್ಚು ಹಾಕಿಸಿದರು. ಆದರೆ ನಿಜವಾದ ಋಣ 1843ರಲ್ಲಿ ಹುಟ್ಟಿದ ಹಳ್ಳಿಯ ಶಾಲಾಮಾಸ್ತರ ಈವಾಲ್ಡ್ ಟಾಂಗ್ ಕ್ರಿಸ್ಟೆನ್ಸನ್ ಅವರದು. ಅವರು ಜಟ್‌ಲೆಂಡಿನ ಬಂಜರು ಬಯಲುಗಳನ್ನು ಕಾಲ್ನಡಿಗೆಯಲ್ಲಿ ದಾಟಿ, ಬಡವರ ಗುಡಿಸಲುಗಳಲ್ಲಿ ಕುಳಿತು, ಸಾವಿರಾರು ಜನರ ಬಾಯಿಂದ ಕೇಳಿದ್ದನ್ನು ಬರೆದುಕೊಂಡರು. ಒಡೆಯರ ಪ್ರೇತಗಳ ಬಗ್ಗೆ ಆಳುಗಳೇ ಹೇಳಿದ ಮಾತು ನಮಗೆ ಸಿಕ್ಕಿದ್ದು ಈ ಅಲೆದಾಟದಿಂದ. 1904ರಲ್ಲಿ ಕೋಪನ್‌ಹೇಗನ್ನಿನಲ್ಲಿ ಜಾನಪದ ಭಂಡಾರವೂ ಆರಂಭವಾಯಿತು.

ಸ್ಕಾಟ್ಲೆಂಡಿನ ರಾಣಿ ಮೇರಿಯ ಮೂರನೆಯ ಗಂಡ ಬಾತ್‌ವೆಲ್ 1578ರಲ್ಲಿ ಸೆರೆಯಲ್ಲೇ ಸತ್ತ, ಡೆನ್ಮಾರ್ಕಿನ ಡ್ರಾಗ್ಸ್‌ಹೋಮ್ ಕೋಟೆ ಈಗ ಹೋಟೆಲಾಗಿದೆ. ಅವನ ಪ್ರೇತ ಕಾಣಬಹುದೆಂದು ಜನ ಅಲ್ಲಿಗೆ ಹೋಗುತ್ತಾರೆ. ಬಾಂದುಕಲ್ಲಿನ ರೈತನಿಗೆ ಅಂಥ ಕೋಟೆಯಿಲ್ಲ. ಅವನನ್ನು ಕ್ರಿಸ್ಟೆನ್ಸನ್ ಬರೆದಿಟ್ಟ ಹಾಳೆಗಳಲ್ಲೇ ಹುಡುಕಬೇಕು.