ದೊಡ್ಡ ತೊಟ್ಟಿಗೆ ಮೀನು ಆರಿಸುವ ಲೆಕ್ಕ

120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಗಾಜಿನ ತೊಟ್ಟಿಯ ಅಳತೆಗಳನ್ನು ಗುಣಿಸಿದರೆ 324 ಲೀಟರ್ ಎಂಬ ಉತ್ತರ ಬರುತ್ತದೆ. ತಳದಲ್ಲಿ ಹಾಸುವ ಮರಳು, ಕಲ್ಲು, ಮರದ ಬೇರು, ಮೇಲಂಚಿನಲ್ಲಿ ಖಾಲಿ ಬಿಡುವ ನಾಲ್ಕು ಬೆರಳಿನಷ್ಟು ಜಾಗ, ಇವನ್ನೆಲ್ಲ ಕಳೆದ ಮೇಲೆ ಮೀನಿನ ಪಾಲಿಗೆ ಉಳಿಯುವುದು ಸುಮಾರು 270 ಲೀಟರ್ ನೀರು. ಇಷ್ಟು ನೀರಿನಲ್ಲಿ ಎಷ್ಟು ಮೀನು ಬಿಡಬಹುದು ಎಂದು ಎಲ್ಲರೂ ಕೇಳುತ್ತಾರೆ. ಆದರೆ ತೊಟ್ಟಿಯ ಮಿತಿಯನ್ನು ನಿರ್ಧರಿಸುವುದು ಮೀನುಗಳ ಸಂಖ್ಯೆಯಲ್ಲ. ಅವು ಪ್ರತಿದಿನ ನೀರಿಗೆ ಸೇರಿಸುವ ತ್ಯಾಜ್ಯ, ಅವು ಎಳೆದುಕೊಳ್ಳುವ ಆಮ್ಲಜನಕ ಮತ್ತು ಅವುಗಳಿಗೆ ಬೇಕಾದ ನೆರೆಹೊರೆ, ಈ ಮೂರನ್ನೂ ಸೇರಿಸಿ ನೋಡಿದಾಗಲೇ ಆ ಮಿತಿ ಗೊತ್ತಾಗುತ್ತದೆ.

ಹವ್ಯಾಸಿಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಸೂತ್ರವೊಂದಿದೆ: ಒಂದು ಗ್ಯಾಲನ್ ನೀರಿಗೆ, ಎಂದರೆ ಸುಮಾರು ನಾಲ್ಕು ಲೀಟರಿಗೆ, ಒಂದು ಇಂಚು ಮೀನು. ಬೆರಳುದ್ದದ ಸಪೂರ ಮೀನುಗಳ ಮಟ್ಟಿಗೆ ಈ ಸೂತ್ರ ಹೇಗೋ ನಡೆಯುತ್ತದೆ, ದೊಡ್ಡ ಮೀನಿಗೆ ಅನ್ವಯಿಸಿದ ಕೂಡಲೇ ಕೈಕೊಡುತ್ತದೆ. 3 ಸೆಂಟಿಮೀಟರಿನ ಮೀನನ್ನೂ ಅದೇ ಮೈಕಟ್ಟಿನ 30 ಸೆಂಟಿಮೀಟರಿನ ಮೀನನ್ನೂ ಹೋಲಿಸಿ ನೋಡಿ. ಉದ್ದ ಹತ್ತು ಪಟ್ಟಾದಾಗ ಎತ್ತರವೂ ದಪ್ಪವೂ ಹತ್ತು ಪಟ್ಟಾಗುವುದರಿಂದ ದೊಡ್ಡ ಮೀನಿನ ತೂಕ ಸಾವಿರ ಪಟ್ಟಾಗುತ್ತದೆ. ದೇಹದ ಚಯಾಪಚಯ ತೂಕದಷ್ಟೇ ವೇಗವಾಗಿ ಏರುವುದಿಲ್ಲ; ಅದು ಸ್ಥೂಲವಾಗಿ ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿ ಏರುತ್ತದೆ. ಹಾಗೆ ಲೆಕ್ಕ ಹಾಕಿದರೂ ಆ ಒಂದು ದೊಡ್ಡ ಮೀನು ಸುಮಾರು 180 ಚಿಕ್ಕ ಮೀನುಗಳಷ್ಟು ಆಮ್ಲಜನಕ ಬಳಸುತ್ತದೆ, ಅದಕ್ಕೆ ತಕ್ಕಷ್ಟು ತ್ಯಾಜ್ಯವನ್ನೂ ಹೊರಹಾಕುತ್ತದೆ. ಇಂಚಿನ ಸೂತ್ರದ ಪ್ರಕಾರ ಅದು ಹತ್ತು ಮೀನುಗಳಿಗೆ ಮಾತ್ರ ಸಮ.

ಮಾರಾಟದ ತೊಟ್ಟಿಯಲ್ಲಿ ಕಾಣುವ ಮೀನು ಬಹುಮಟ್ಟಿಗೆ ಮರಿ ಎಂಬುದನ್ನು ಇಲ್ಲಿಯೇ ನೆನಪಿಡಬೇಕು. ಐದು ಸೆಂಟಿಮೀಟರಿದ್ದಾಗ ಕೊಳ್ಳುವ ಕಿತ್ತಳೆ-ಕಪ್ಪು ಪಟ್ಟೆಯ ಕ್ಲೌನ್ ಲೋಚ್ ಒಂದಡಿಯ ಹತ್ತಿರ ಬೆಳೆಯಬಲ್ಲದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು, ಮೇಲಾಗಿ ಐದಾರು ಜೊತೆಗಾರರಿಲ್ಲದೆ ನೆಮ್ಮದಿಯಿಂದ ಇರುವುದಿಲ್ಲ. ಪಾಚಿ ತಿನ್ನುತ್ತದೆಂಬ ಕಾರಣಕ್ಕೆ ತರುವ ಸಾಮಾನ್ಯ ಪ್ಲೆಕೊ 40 ಸೆಂಟಿಮೀಟರ್ ದಾಟುತ್ತದೆ. ಆಸ್ಕರ್ 30 ಸೆಂಟಿಮೀಟರ್ ಮೀರುತ್ತದೆ. ನಾಲ್ಕಡಿಯ ತೊಟ್ಟಿ ದೊಡ್ಡದೆಂದು ನಮಗೆ ಅನ್ನಿಸಿದರೂ ಕ್ಲೌನ್ ಲೋಚ್‌ಗಳ ಗುಂಪಿಗೆ ಅದು ಸಾಲದು. ತೊಟ್ಟಿಯ ಗಾತ್ರಕ್ಕೆ ತಕ್ಕಷ್ಟೇ ಮೀನು ಬೆಳೆಯುತ್ತದೆ ಎಂಬ ಮಾತನ್ನು ನಂಬಬಾರದು. ಹಾಗೆ ಬೆಳವಣಿಗೆ ನಿಂತ ಮೀನು ತೊಟ್ಟಿಗೆ ಹೊಂದಿಕೊಂಡ ಮೀನಲ್ಲ, ಕೆಟ್ಟ ನೀರಿನಲ್ಲಿಯೋ ಇಕ್ಕಟ್ಟಿನಲ್ಲಿಯೋ ಕುಂಠಿತವಾದ ಮೀನು.

ಇನ್ನು ತ್ಯಾಜ್ಯದ ವಿಷಯ. ಮೀನು ತಿಂದ ಪ್ರೋಟೀನಿನ ಸಾರಜನಕ ಬಹುಪಾಲು ಅಮೋನಿಯಾ ಆಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ಫಿಲ್ಟರಿನ ಸ್ಪಂಜು ಮತ್ತು ಪಿಂಗಾಣಿ ಬಿಲ್ಲೆಗಳ ಮೇಲೆ ತೆಳುವಾದ ಲೋಳೆಯಂತೆ ಹರಡಿರುವ ಸೂಕ್ಷ್ಮಜೀವಿಗಳು ಆ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಮುಂದೆ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಎರಡು ಹೆಜ್ಜೆಗಳನ್ನು ಎರಡು ಬೇರೆ ಬೇರೆ ಗುಂಪಿನ ಜೀವಿಗಳೇ ನಡೆಸುತ್ತವೆ ಎಂದು ನೂರಕ್ಕೂ ಹೆಚ್ಚು ವರ್ಷ ನಂಬಲಾಗಿತ್ತು. ನೈಟ್ರೊಸ್ಪೈರಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಎರಡೂ ಹೆಜ್ಜೆಗಳನ್ನು ತಾವೇ ಪೂರೈಸುತ್ತವೆ ಎಂಬುದು 2015ರಲ್ಲಿ ತಿಳಿದುಬಂತು. ಅವುಗಳಲ್ಲಿ ಕೆಲವು ಪತ್ತೆಯಾದದ್ದು ಮೀನು ಸಾಕಣೆಯ ವ್ಯವಸ್ಥೆಯೊಂದರ ಫಿಲ್ಟರಿನಲ್ಲಿಯೇ ಎಂಬುದು ಅಕ್ವೇರಿಯಂ ಇಟ್ಟವರಿಗೆ ಸಂತೋಷ ಕೊಡುವ ಸಂಗತಿ. ಈ ಜೀವಿಗಳು ನಿಧಾನವಾಗಿ ಹೆಚ್ಚುತ್ತವೆ, ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಮೀನು ತುಂಬಿದರೆ ಅಮೋನಿಯಾ ಕಿವಿರನ್ನು ಸುಡುತ್ತದೆ, ನೈಟ್ರೈಟ್ ರಕ್ತದ ಹೀಮೋಗ್ಲೋಬಿನನ್ನು ಆಮ್ಲಜನಕ ಹೊರಲಾರದ ಕಂದು ಬಣ್ಣದ ರೂಪಕ್ಕೆ ತಿರುಗಿಸುತ್ತದೆ.

ದೊಡ್ಡ ತೊಟ್ಟಿಯ ನಿಜವಾದ ಲಾಭ ಇಲ್ಲಿದೆ. ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದ ಒಂದು ಮೀನು 30 ಲೀಟರಿನ ತೊಟ್ಟಿಯನ್ನು ರಾತ್ರಿ ಬೆಳಗಾಗುವುದರೊಳಗೆ ಕೆಡಿಸಬಲ್ಲದು, 270 ಲೀಟರಿನಲ್ಲಿ ಅದೇ ವಿಷ ಒಂಬತ್ತು ಪಟ್ಟು ತೆಳುವಾಗುತ್ತದೆ. ಹೆಚ್ಚುವರಿ ನೀರು ನಮಗೆ ಕೊಡುವುದು ಕಾಲಾವಕಾಶವನ್ನು. ಇನ್ನೂ ಜಾಗವಿದೆಯೆಂದು ಮೀನು ಸೇರಿಸುತ್ತ ಹೋದಂತೆ ನಾವು ಆ ಕಾಲಾವಕಾಶವನ್ನೇ ಕಳೆದುಕೊಳ್ಳುತ್ತ ಹೋಗುತ್ತೇವೆ.

ನೀರಿನ ಗುಣಕ್ಕೆ ಹೊಂದುವ ಮೀನನ್ನು ಆರಿಸುವುದು ಮೀನಿಗೆ ಹೊಂದುವಂತೆ ನೀರನ್ನು ತಿದ್ದುವುದಕ್ಕಿಂತ ಎಷ್ಟೋ ಸುಲಭ. ಅಮೆಜಾನ್ ಉಪನದಿಗಳ ಟೆಟ್ರಾಗಳಿಗೆ ಮೆದುವಾದ, ತುಸು ಆಮ್ಲೀಯ ನೀರು ಒಗ್ಗುತ್ತದೆ, ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡಸಾದ ಕ್ಷಾರೀಯ ನೀರು. ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7ರಿಂದ 8ಕ್ಕೆ ಏರಿದಾಗ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುವುದರಿಂದ, ಗಡಸು ನೀರಿನ ತೊಟ್ಟಿಯಲ್ಲಿ ಫಿಲ್ಟರಿನ ಮೇಲಿನ ಎಚ್ಚರವೂ ಅಷ್ಟೇ ಹೆಚ್ಚಬೇಕು.

ಯಾವ ಮೀನು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಜಾತಿಗಳು ಕಡಿಮೆಯಿರಲಿ, ಪ್ರತಿ ಜಾತಿಯ ಸಂಖ್ಯೆ ಹೆಚ್ಚಿರಲಿ. ದೊಡ್ಡ ತೊಟ್ಟಿ ತಂದವರು ಹತ್ತು ಜಾತಿಗಳನ್ನು ಎರಡೆರಡರಂತೆ ತಂದು ಬಿಡುವುದುಂಟು. ಹಿಂಡಿನಲ್ಲಿ ಬಾಳುವ ಮೀನಿಗೆ ಇಬ್ಬರ ಗುಂಪು ಒಂಟಿತನಕ್ಕೆ ಸಮ. ಅದು ಗಿಡದ ಮರೆಯಲ್ಲಿ ಬಣ್ಣಗೆಟ್ಟು ನಿಂತಿರುತ್ತದೆ. ಅದೇ ರಮ್ಮಿ-ನೋಸ್ ಟೆಟ್ರಾದ ಮೂವತ್ತರ ಹಿಂಡು ನಾಲ್ಕಡಿಯ ಉದ್ದಕ್ಕೂ ಒಂದೇ ದೇಹದಂತೆ ಸಾಗಿ, ಗಾಜಿನ ಬಳಿ ಒಟ್ಟಾಗಿ ತಿರುಗುವುದನ್ನು ನೋಡಿದವರು ಮರೆಯಲಾರರು. ಈ ಮೀನಿನ ಮೂತಿಯ ಕೆಂಪು ನೀರಿನ ಸ್ಥಿತಿಯನ್ನೂ ಹೇಳುತ್ತದೆ: ನೀರು ಕೆಟ್ಟರೆ, ಮೀನು ಬೆದರಿದರೆ, ಆ ಕೆಂಪು ಮಂಕಾಗುತ್ತದೆ. ಇದರ ಜೊತೆಗೆ ತಳದ ಮರಳನ್ನು ಮೀಸೆಯಿಂದ ಕೆದಕುತ್ತ ಗುಂಪಾಗಿ ತಿರುಗುವ ಹತ್ತು ಕೋರಿಡೋರಾಸ್, ಮೇಲ್ಪದರದಲ್ಲಿ ಒಂದು ಜೋಡಿ ಪರ್ಲ್ ಗೌರಾಮಿ ಇದ್ದರೆ ಮೂರು ಜಾತಿಗಳೂ ಮೂರು ಪದರಗಳನ್ನು ಹಂಚಿಕೊಳ್ಳುತ್ತವೆ, ಮೂರಕ್ಕೂ ಒಂದೇ ಬಗೆಯ ಮೆದು ನೀರು ಸಾಕು. ಏಂಜಲ್ ಮೀನಿನ ಮೇಲೆ ಆಸೆಯಿದ್ದರೆ ನಿಯಾನ್ ಟೆಟ್ರಾವನ್ನು ಬಿಡಬೇಕು, ಏಕೆಂದರೆ ಬೆಳೆದ ಏಂಜಲ್‌ಗೆ ಅದು ಬಾಯಿಗೆ ಹಿಡಿಸುವ ಆಹಾರ.

ಮೀನನ್ನು ಒಂದೇ ದಿನ ತುಂಬದೆ ಗುಂಪು ಗುಂಪಾಗಿ, ಎರಡು ಮೂರು ವಾರಗಳ ಅಂತರದಲ್ಲಿ ಬಿಡಬೇಕು. ಪ್ರತಿ ಬಾರಿ ಹೊರೆ ಏರಿದಾಗಲೂ ಬ್ಯಾಕ್ಟೀರಿಯಾಗಳು ಅಷ್ಟರ ಮಟ್ಟಿಗೆ ಹೆಚ್ಚಬೇಕಾಗುತ್ತದೆ. ಸಾಕು ಎನ್ನುವ ಹಂತವನ್ನು ನೈಟ್ರೇಟ್ ತೋರಿಸಿಕೊಡುತ್ತದೆ. ವಾರಕ್ಕೆ ಅದು ಲೀಟರಿಗೆ 10 ಮಿಲಿಗ್ರಾಂ ಏರುತ್ತಿದೆ, ನೀವು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೀರಿ, ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲ ಎಂದುಕೊಳ್ಳೋಣ. ಆಗ ಪ್ರಮಾಣ ಏರುತ್ತ ಏರುತ್ತ, ನೀರು ಬದಲಿಸುವ ಮುನ್ನ 40, ಬದಲಿಸಿದ ಮೇಲೆ 30 ಎಂಬಲ್ಲಿ ಬಂದು ನಿಲ್ಲುತ್ತದೆ. ಅರ್ಧ ನೀರು ಬದಲಿಸಿದರೆ 20 ಮತ್ತು 10ರಲ್ಲಿ ನಿಲ್ಲುತ್ತದೆ. ಮೀನು ಇಮ್ಮಡಿಸಿದರೆ ಈ ಅಂಕಿಗಳೂ ಇಮ್ಮಡಿಸುತ್ತವೆ. ವಾರಕ್ಕೆ ಎಷ್ಟು ಬಕೆಟ್ ನೀರನ್ನು ವರ್ಷಗಟ್ಟಲೆ ತಪ್ಪದೆ ಹೊರಬಲ್ಲೆ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡವರಿಗೆ ಮೀನಿನ ಸಂಖ್ಯೆಯೂ ಅದರಿಂದಲೇ ದೊರೆಯುತ್ತದೆ.

ಆಮ್ಲಜನಕವನ್ನು ಪರೀಕ್ಷಿಸಲು ಉಪಕರಣ ಬೇಕಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹಿಡಿದಿಡುವುದು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ. ಅಷ್ಟೇ ಗಾಳಿಯಲ್ಲಿ ಅದರ ಮೂವತ್ತು ಪಟ್ಟಿಗಿಂತ ಹೆಚ್ಚಿರುತ್ತದೆ. ನೀರು ಬಿಸಿಯಾದಷ್ಟೂ ಇದು ಇಳಿಯುತ್ತದೆ. ರಾತ್ರಿಯಿಡೀ ಗಿಡಗಳೂ ಉಸಿರಾಡುವುದರಿಂದ, ಬೆಳಗ್ಗೆ ದೀಪ ಹಾಕುವ ಮುನ್ನ ಅದು ಅತ್ಯಂತ ಕಡಿಮೆಯಿರುತ್ತದೆ. ಆ ಹೊತ್ತಿಗೆ ಸದ್ದಿಲ್ಲದೆ ತೊಟ್ಟಿಯ ಮುಂದೆ ನಿಂತು ಕಿವಿರ ಮುಚ್ಚಳಗಳನ್ನು ಗಮನಿಸಿ. ಕೋರಿಡೋರಾಸ್ ಒಮ್ಮೊಮ್ಮೆ ಬಾಣದಂತೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ತಳಕ್ಕೆ ಮರಳಿದರೆ ಗಾಬರಿ ಬೇಡ, ಅದು ಕರುಳಿನ ಮೂಲಕವೂ ಉಸಿರಾಡುವ ಮೀನು. ಆದರೆ ಟೆಟ್ರಾಗಳು ನೀರಿನ ಮೇಲ್ಮೈಗೆ ಬಾಯಿ ತಾಗಿಸಿ, ಕಿವಿರುಗಳನ್ನು ಅವಸರವಾಗಿ ಬಡಿಯುತ್ತ ಸಾಲಾಗಿ ನಿಂತಿದ್ದರೆ, ಫಿಲ್ಟರಿನ ನೀರು ಮೇಲ್ಮೈಯನ್ನು ಕಲಕುವಂತೆ ಅದರ ಬಾಯಿಯನ್ನು ಕೂಡಲೇ ಮೇಲಕ್ಕೆ ತಿರುಗಿಸಬೇಕು. ಕಾರಣ ತಿಳಿದು ಅದು ಸರಿಹೋಗುವವರೆಗೆ ಆ ತೊಟ್ಟಿಗೆ ಇನ್ನೊಂದು ಮೀನನ್ನೂ ಸೇರಿಸಬಾರದು.