ಹಳೆಯ ರೇಸ್ ಕಾರು ಕಿರುಚುವುದೇಕೆ, ಗುಡುಗುವುದೇಕೆ?

ಪ್ರಶ್ನೆ: ಹಳೆಯ ರೇಸ್ ಕಾರುಗಳ ವಿಡಿಯೊ ನೋಡುತ್ತಿರುತ್ತೇನೆ. ಒಂದು ಕಿರುಚುತ್ತದೆ, ಇನ್ನೊಂದು ಗುಡುಗುತ್ತದೆ. ಎಲ್ಲವೂ ಪೆಟ್ರೋಲ್ ಎಂಜಿನ್ನೇ ಅಲ್ಲವೇ? — ಸಿದ್ದಾಪುರದ ಓದುಗರು

ಫೆಬ್ರವರಿಯಲ್ಲಿ ರೋಬಸ್ಟಾ ಹೂವಿಗೆಂದು ಸ್ಪ್ರಿಂಕ್ಲರ್ ಹಾಕುವ ರಾತ್ರಿಗಳನ್ನು ನೆನೆಸಿಕೊಳ್ಳಿ. ಕೆರೆ ಬದಿಯಲ್ಲಿ ಡೀಸೆಲ್ ಪಂಪ್‌ಸೆಟ್ಟು ಟಕ್ ಟಕ್ ಎನ್ನುತ್ತಿರುತ್ತದೆ. ನಮ್ಮಪ್ಪ ಮಲಗಿದ್ದಲ್ಲಿಂದಲೇ "ಫುಟ್‌ವಾಲ್ವ್ ಗಾಳಿ ಎಳೀತಿದೆ" ಎಂದು ಎದ್ದು ಟಾರ್ಚ್ ಹಿಡಿದು ಹೊರಡುತ್ತಿದ್ದರು. ನೀರೆಳೆಯುವ ಪೈಪಿನ ಬುಡದ ಆ ವಾಲ್ವ್ ಗಾಳಿ ಎಳೆದು ನೀರಿನ ಭಾರ ತಪ್ಪಿದೊಡನೆ ದನಿ ಹಗುರಾಗಿದ್ದು ಅವರ ಕಿವಿಗೆ ಬಿದ್ದಿರುತ್ತಿತ್ತು. ನಿಮ್ಮ ಪ್ರಶ್ನೆಗೂ ಉತ್ತರ ಅಲ್ಲಿಂದಲೇ ಶುರು.

ಫೋರ್ ಸ್ಟ್ರೋಕ್ ಎಂಜಿನ್ನಿನ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ಒಂದೇ ಸಿಲಿಂಡರಿನ ಪಂಪ್‌ಸೆಟ್ಟು ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಸೆಕೆಂಡಿಗೆ 12-13 ಸಿಡಿತ. ಇದು ಬಿಡಿ ಬಿಡಿ ಏಟಾಗಿ ಕೇಳುತ್ತದೆ. ಏಟು ಇನ್ನೂ ಒತ್ತೊತ್ತಾಗಿ ಬಿದ್ದರೆ ಎಲ್ಲ ಕೂಡಿ ಒಂದು ಸ್ವರವಾಗುತ್ತದೆ. 1950ರಲ್ಲಿ ಕಣಕ್ಕಿಳಿದ ಬ್ರಿಟನ್ನಿನ ಬಿಆರ್‌ಎಂ ಕಾರಿಗೆ ಬರೀ ಒಂದೂವರೆ ಲೀಟರಿನಲ್ಲಿ 16 ಸಿಲಿಂಡರ್! ನಿಮಿಷಕ್ಕೆ 12,000 ಸುತ್ತಿನಲ್ಲಿ ಸೆಕೆಂಡಿಗೆ 1,600 ಸಿಡಿತ. ಕಿರುಚದೆ ಇನ್ನೇನು ಮಾಡೀತು? ಫ್ರಾನ್ಸಿನ ಮಾತ್ರಾ ಕಾರಿನ ವಿ12 (V ಆಕಾರದಲ್ಲಿ ಎರಡು ಸಾಲಾಗಿ ಕೂತ 12 ಸಿಲಿಂಡರಿನ) ಎಂಜಿನ್ನೂ ಇದೇ ಜಾತಿ. 1972ರಿಂದ 74ರವರೆಗೆ ಸತತ ಮೂರು ವರ್ಷ ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಗೆದ್ದದ್ದು ಆ ದನಿಯೇ. ನನಗಂತೂ ಅದಕ್ಕಿಂತ ಚೆಂದದ ಎಂಜಿನ್ ದನಿ ಇಲ್ಲ.

ಆದರೆ ಸಿಲಿಂಡರುಗಳ ಎಣಿಕೆ ಒಂದೇ ಆದರೂ ದನಿ ಬೇರೆಯಾಗಬಹುದು. ಅಮೆರಿಕದ ವಿ8ಗಳಲ್ಲಿ ಸಾಮಾನ್ಯವಾಗಿ ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡದ) ಮಡಿಕೆಗಳು 90 ಡಿಗ್ರಿ ಅಂತರದಲ್ಲಿರುತ್ತವೆ. ಹಾಗಾಗಿ ಒಂದು ಬದಿಯ ನಾಲ್ಕು ಸಿಲಿಂಡರುಗಳು ಸಮ ಅಂತರದಲ್ಲಿ ಸಿಡಿಯುವುದಿಲ್ಲ: ಎರಡು ಏಟು ಹತ್ತಿರ ಹತ್ತಿರ, ಆಮೇಲೆ ಒಂದು ತಡವರಿಕೆ. ಆ ಗುಡುಗುಡು ಅದರದ್ದೇ. 1967ರಲ್ಲಿ ಜಿಮ್ ಕ್ಲಾರ್ಕ್ ನೆದರ್ಲೆಂಡ್ಸ್‌ನ ಜಾಂಡ್‌ವೋರ್ಟ್‌ನಲ್ಲಿ ಗೆದ್ದ ಲೋಟಸ್ ಕಾರಿನ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನೂ ವಿ8ಏ, ಆದರೆ ಅದರ ಕ್ರ್ಯಾಂಕ್ ಚಪ್ಪಟೆ, ಮಡಿಕೆಗಳು 180 ಡಿಗ್ರಿ ಅಂತರದಲ್ಲಿ. ಎರಡೂ ಬದಿಯ ಏಟು ಸಮ, ದನಿ ಬಿಗಿ, ಹರಿತ.

ಈ ರೇಸ್ ಕಾರುಗಳಿಗೆಲ್ಲ ಸೈಲೆನ್ಸರ್ ಇಲ್ಲ. ಹೊಗೆಯ ದಾರಿಗೆ ಅಡ್ಡ ಕೂತು ಸದ್ದನ್ನು ನುಂಗುವ ಟರ್ಬೊವೂ ಇಲ್ಲ. 1937ರ ಮರ್ಸಿಡಿಸ್ ಡಬ್ಲ್ಯು125ನಲ್ಲಿ ಗಾಳಿ ತುಂಬುವ ಸೂಪರ್‌ಚಾರ್ಜರ್ ಇತ್ತು, ಅದು ಕೂಗನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು.

ಒಂದು ಮಾತು, ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ವಿ8ರ ತಳದ ಗುಡುಗು ಅದರಲ್ಲಿ ಬರುವುದೇ ಇಲ್ಲ. ಒಳ್ಳೆಯ ಇಯರ್‌ಫೋನ್ ಹಾಕಿ. ಮುಂದಿನ ಸಲ ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರ್ ರೇಸ್) ನಡೆದಾಗ ಬದುವಿನ ಮೇಲೆ ಕಣ್ಣು ಮುಚ್ಚಿ ನಿಂತು, ಜಿಪ್ಸಿಯ ನಾಲ್ಕು ಸಿಲಿಂಡರ್ ತಿರುವಿನಿಂದ ಏಳುವಾಗ ಹೇಗೆ ಸ್ವರ ಏರಿಸುತ್ತದೆ ಕೇಳಿ ನೋಡಿ.