ಮೂತ್ರಪಿಂಡ ಹೊಸದು, ಕಾಲಿನ ಬಲ ಎಲ್ಲಿ?

ಶಿಡ್ಲಘಟ್ಟದ ಕಡೆಯ ಹನ್ನೊಂದು ವರ್ಷದ ಹುಡುಗ. ಬೆಂಗಳೂರಿನಲ್ಲಿ ಮೂತ್ರಪಿಂಡ ಕಸಿಯಾಗಿ ಎಂಟು ತಿಂಗಳಾಗಿತ್ತು, ಕೊಟ್ಟವರು ತಾಯಿ. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ ಹತೋಟಿಯಲ್ಲಿತ್ತು, ಹಸಿವು ಮರಳಿತ್ತು. ಚಿಕ್ಕಬಳ್ಳಾಪುರದ ನನ್ನ ಫಿಸಿಯೊಥೆರಪಿ ಕೊಠಡಿಯಲ್ಲಿ ಅವನನ್ನು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಏಳಲು ಹೇಳಿದೆ. ಎರಡೂ ಅಂಗೈಗಳನ್ನು ನೆಲಕ್ಕೂರಿದ, ಮಂಡಿ ಹಿಡಿದ, ಕೊನೆಗೆ ತೊಡೆಗಳನ್ನು ಒತ್ತಿಕೊಂಡು ಎದ್ದು ನಿಂತ.

"ಮನೆಯಿಂದ ಆಚೆ ಬಿಡುವುದೇ ಇಲ್ಲ ಮೇಡಂ. ಶಾಲೆಯಲ್ಲೂ ಆಟದ ಹೊತ್ತಿಗೆ ಕೂರಿಸಿಯೇ ಇರುತ್ತಾರೆ" ಎಂದರು ತಾಯಿ. ಜೋಪಾನ ಮಾಡುತ್ತಿದ್ದೇನೆಂಬ ನೆಮ್ಮದಿ ಅವರ ದನಿಯಲ್ಲಿತ್ತು.

ಶಸ್ತ್ರಚಿಕಿತ್ಸೆ ಅಂಗವನ್ನು ಕೊಡುತ್ತದೆ, ಸ್ನಾಯುವನ್ನು ಕೊಡುವುದಿಲ್ಲ. ಕಸಿಗೆ ಮೊದಲಿನ ಡಯಾಲಿಸಿಸ್, ರಕ್ತಹೀನತೆ, ಹಾಸಿಗೆಯ ದಿನಗಳು ಮಗುವಿನ ಮೈಯನ್ನು ಸವೆಸಿರುತ್ತವೆ. ಆಮೇಲೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧ ಹೊಸ ಅಂಗವನ್ನು ಕಾಯುತ್ತದೆ; ಆದರೆ ಹೆಚ್ಚು ಕಾಲ ಕೊಟ್ಟರೆ ತೊಡೆ, ಸೊಂಟದ ಸ್ನಾಯುಗಳನ್ನೂ ಮೂಳೆಯನ್ನೂ ಸೊರಗಿಸಬಲ್ಲದು. ಕಸಿ ಯಶಸ್ವಿಯಾದ ಮಕ್ಕಳ ದಮ್ಮು ಓರಗೆಯವರಿಗಿಂತ ಕಡಿಮೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇಂಥ ಮಗುವನ್ನು ಕೂರಿಸಿಡುವುದು ನನ್ನ ದೃಷ್ಟಿಯಲ್ಲಿ ಜೋಪಾನವಲ್ಲ.

ತಾಯಿಯ ಭಯಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ಸ್ವಂತ ಮೂತ್ರಪಿಂಡಗಳು ಬೆನ್ನಿನ ಕಡೆ, ಪಕ್ಕೆಲುಬಿನ ಮರೆಯಲ್ಲಿರುತ್ತವೆ. ಕಸಿಯಾದದ್ದು ಸಾಮಾನ್ಯವಾಗಿ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ, ಮುಂಭಾಗದಲ್ಲೇ ಇರುತ್ತದೆ. ಹಾಗಾಗಿ ಕಬಡ್ಡಿ, ಕುಸ್ತಿ ಬೇಡ ಎನ್ನುತ್ತೇನೆ. ಕೆರೆ, ಕೃಷಿಹೊಂಡದ ಈಜೂ ಬೇಡ, ಸೋಂಕಿನ ಭಯ. ಆದರೆ ಗಾಯ ಮಾಗಿ ಕಸಿ ವೈದ್ಯರು ಒಪ್ಪಿದ ಮೇಲೆ ಕುಂಟೆಬಿಲ್ಲೆ, ಓಟ, ಬ್ಯಾಡ್ಮಿಂಟನ್‌ಗೆ ತಡೆಯೇಕೆ? 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶುರುವಾದ ವಿಶ್ವ ಅಂಗಕಸಿ ಕ್ರೀಡಾಕೂಟದಲ್ಲಿ ಈಗ ಮಕ್ಕಳೂ ಓಡುತ್ತಾರೆ ಎಂದಾಗ ಆ ತಾಯಿ ಮಗನ ಕಾಲುಗಳನ್ನೇ ನೋಡುತ್ತಾ ಕುಳಿತರು.

ನಾವು ಶುರು ಮಾಡಿದ್ದು ಒಂದು ಕುರ್ಚಿಯಿಂದ. ಕೈ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾನೆ ಎಂಬ ಎಣಿಕೆ. ಮೊದಲ ದಿನ ಎಂಟು. ಬಿಸಿಲೇರುವ ಮುನ್ನ ಹತ್ತು ನಿಮಿಷದ ನಡಿಗೆ, ಸಂಜೆ ಮತ್ತೆ ಹತ್ತು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಗೆ ತಲುಪಲು ತಿಂಗಳುಗಳೇ ಹಿಡಿಯಲಿ, ಅವಸರವಿಲ್ಲ. ಟೊಪ್ಪಿ, ನೀರಿನ ಬಾಟಲಿ ಜೊತೆಗಿರಲೇಬೇಕು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಮೈಯ ನೀರು ಆರಿದರೆ ಹೊಸ ಮೂತ್ರಪಿಂಡಕ್ಕೆ ನೇರ ಪೆಟ್ಟು.

ಹೃದಯ ಕಸಿಯಾದ ಮಕ್ಕಳ ಲೆಕ್ಕ ಬೇರೆ. ನರಗಳ ಸಂಪರ್ಕ ಕಡಿದಿರುವುದರಿಂದ ಬಡಿತ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಏಕಾಏಕಿ ಓಡಿಸಬಾರದು, ಏಕಾಏಕಿ ನಿಲ್ಲಿಸಲೂಬಾರದು. ವ್ಯಾಯಾಮದ ಮಾತಲ್ಲದಿದ್ದರೂ ಇನ್ನೊಂದು: ಪಕ್ಕದ ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಿರಲಿ, ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ನುಂಗುವ ಮಗುವಿಗೆ ಬೇಡ. ರಕ್ತದಲ್ಲಿ ಆ ಔಷಧದ ಮಟ್ಟ ಏರಿಬಿಡಬಹುದು.

ನಾಲ್ಕನೆಯ ತಿಂಗಳಲ್ಲಿ ಹುಡುಗ ಹದಿನೈದು ಸಲ ಎದ್ದು ಕುಳಿತ. ಚಾಪೆಯಿಂದ ಏಳುವಾಗ ಅಂಗೈ ನೆಲ ಮುಟ್ಟಲಿಲ್ಲ. "ಸೈಕಲ್ ಕೇಳುತ್ತಿದ್ದಾನೆ, ಕೊಡಿಸಬಹುದೇ ಮೇಡಂ?" ಎಂದರು ತಾಯಿ. ಕಸಿ ವೈದ್ಯರನ್ನು ಕೇಳಿ, ಒಪ್ಪಿದರೆ ಕೊಡಿಸಿ ಎಂದೆ. ಬಿದ್ದಾಗ ಹ್ಯಾಂಡಲಿನ ತುದಿ ಹೊಟ್ಟೆಗೆ ಚುಚ್ಚಬಾರದು. ಎರಡೂ ತುದಿಗೆ ದಪ್ಪ ರಬ್ಬರ್ ಇದೆಯೇ, ಸೀಟಿನಲ್ಲಿ ಕೂತಾಗ ಪಾದ ನೆಲಕ್ಕೆ ಎಟುಕುತ್ತದೆಯೇ, ಅಂಗಡಿಯಲ್ಲೇ ನೋಡಿಕೊಳ್ಳಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.